ಏಳದ ಪಂಕ್ತಿ

ಬೆಂಕಿ ಆರಿದ ಮೇಲೆ ಹೊನ್ನೂರಮ್ಮನ ಮನೆಯಲ್ಲಿ ಉಳಿದದ್ದು ಒಂದು ಒರಳುಕಲ್ಲು ಮತ್ತು ಒಬ್ಬ ಅತ್ತೆ. ಎರಡೂ ಜಾಗ ಬಿಟ್ಟು ಕದಲುವಂಥವಲ್ಲ. ಒರಳು ಕುತ್ತಿಗೆಮಟ ನೆಲದಲ್ಲಿ ಹೂತುಕೊಂಡು ಕೂತಿತ್ತು. ಅತ್ತೆ ಎರ್ರೆಮ್ಮ ಅದರ ಪಕ್ಕದಲ್ಲಿ ಬೂದಿಯ ಮೇಲೆ ಕೂತು, ನನ್ನ ನಶ್ಯದ ಡಬ್ಬಿ ಎಲ್ಲಿ ಅಂತ ಬೆಳಗಿನಿಂದ ಕೇಳುತ್ತಿದ್ದಳು.

"ಸುಟ್ಟು ಹೋತು ಅತ್ತಿ."

"ಡಬ್ಬಿ ತಗಡಿಂದು. ತಗಡು ಹೆಂಗ ಸುಡತೈತಿ?"

"ಡಬ್ಬಿ ಸಿಕ್ಕೈತಿ. ಒಳಗಿಂದು ಸುಟ್ಟೈತಿ."

"ಹಂಗಾರ ಆ ಬೂದೀನ ಕೊಡು. ಏರಿಸಿ ನೋಡ್ತೀನಿ."

ಏರಿಸಿದಳು. ಸೀನಿದಳು. ಕಣ್ಣಲ್ಲಿ ನೀರು ಸುರಿಸಿಕೊಂಡು, "ಮೊದಲಿಂದಕ್ಕಿಂತ ಜೋರ್ ಐತಿ" ಅಂದಳು.

ಹೊಸಪೇಟೆಯ ಕಾಲುವೆ ದಂಡೆಗೆ, ದೊಡ್ಡಬಸಪ್ಪ ಸಾವ್ಕಾರರ ಅಕ್ಕಿ ಗಿರಣಿಯ ಬೆನ್ನಿಗೆ, ನಿನ್ನೆಯವರೆಗೆ ಗುಡಿಸಲುಗಳ ಒಂದು ಓಣಿ ಇತ್ತು. ಕಾಲುವೆ ತೋಡುವ ಕಾಲಕ್ಕೆ ಮಣ್ಣಿನ ಬುಟ್ಟಿ ಹೊರಲು ಬಂದವರು ಅಲ್ಲೇ ಇಳಿದಿದ್ದರು. ಎರ್ರೆಮ್ಮನೂ ಹಾಗೆ ಬಂದವಳೇ. ಕಾಲುವೆಗೆ ನೀರು ಬಂತು. ನೀರಿನ ಹಿಂದೆ ಕಬ್ಬು ಬಂತು, ಭತ್ತ ಬಂತು. ಭತ್ತದ ಹಿಂದೆ ಗಿರಣಿ ಬಂತು. ಗಿರಣಿಯ ಹಿಂದೆ ಸಾವ್ಕಾರರಿಗೆ ಮಹಡಿ ಮನೆ ಬಂತು. ಬುಟ್ಟಿ ಹೊತ್ತವರಿಗೆ ಮಾತ್ರ ಕಬ್ಬಿನ ಸೋಗೆಯ ಸೂರು ಬಂದು, ಅಲ್ಲಿಗೇ ನಿಂತುಹೋಯಿತು.

ಬೆಂಕಿ ಎಲ್ಲಿಂದ ಬಂತು ಅನ್ನುವುದು ಓಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಗಿರಣಿಯಲ್ಲಿ ಭತ್ತ ಕುದಿಸುವ ಬಾಯ್ಲರಿಗೆ ಹೊಟ್ಟು ಉರಿಸುತ್ತಾರೆ. ಆ ಬೂದಿ ಚೆಲ್ಲಲು ಮೊದಲು ಒಂದು ಗುಂಡಿ ಇತ್ತು. ಭತ್ತ ಒಣಗಿಸುವ ಅಂಗಳ ಸಾಲದೆಂದು ಸಾವ್ಕಾರರು ಗುಂಡಿ ಮುಚ್ಚಿಸಿ ಗಚ್ಚು ಹಾಕಿಸಿದರು. ಬೂದಿಯನ್ನು ಗುಡಿಸಲುಗಳ ಬೆನ್ನಿಗೆ ಚೆಲ್ಲಿರಿ ಅಂದರು. ಹೊನ್ನೂರಮ್ಮನ ಗಂಡ ಗಾಳೆಪ್ಪ ಅದೇ ಗಿರಣಿಯ ಹಮಾಲಿ. ಹೇಳಿದಷ್ಟನ್ನು, ಹೇಳಿದ ಹಾಗೆ ಮಾಡುವುದು ಅವನ ಸ್ವಭಾವ. "ಕೆಂಡ ಇರ್ತಾವ್ರಿ ಬೂದ್ಯಾಗ" ಎಂದು ಒಂದು ಸಲ ಅಂದಿದ್ದ. "ನಿನಗ ಹೇಳಿದ್ದೇನು?" ಎಂದು ಸಾವ್ಕಾರರು ಕೇಳಿದ್ದರು. ಅಲ್ಲಿಗೆ ಅವನ ಬಾಯಿ ಮುಚ್ಚಿತು, ಬೂದಿ ಓಣಿಯ ಬೆನ್ನಿಗೆ ಬಿತ್ತು. ಗಾಳಿ ಎದ್ದ ದಿನ ಸೋಗೆಗೆ ಹತ್ತಿಕೊಂಡಿತು. ಮಂದಿ ಮಕ್ಕಳನ್ನು ಎಳೆದುಕೊಂಡು ಕಾಲುವೆಗೆ ಇಳಿದು ನಿಂತದ್ದರಿಂದ ಜೀವ ಉಳಿಯಿತು. ಕುತ್ತಿಗೆವರೆಗೆ ನೀರಲ್ಲಿ ನಿಂತು, ತಮ್ಮ ಮನೆ ಉರಿಯುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು.

ಬೆಂಕಿ ಹತ್ತಿದಾಗ ಯಾರೂ ಬರಲಿಲ್ಲ. ಆರಿದ ಮೇಲೆ ಧರ್ಮಾತ್ಮರೆಲ್ಲ ಬಂದರು.

ಮೊದಲು ಬಂದದ್ದು ಬಟ್ಟೆ ಅಂಗಡಿಯ ವಿರೂಪಾಕ್ಷಪ್ಪನವರ ಭಜನಾ ಮಂಡಳಿ. ತಾಳ ಕುಟ್ಟಿಕೊಂಡೇ ಬಂದರು. ಎತ್ತಿನ ಬಂಡಿಯ ತುಂಬ ದೇವರಿದ್ದವು. ಎದೆಯುದ್ದದ ತಗಡು, ತಗಡಿನ ಮೇಲೆ ಬಣ್ಣದ ದೇವರು, ದೇವರ ಕಾಲಡಿ ಮಂಡಳಿಯ ಹೆಸರು. ದೇವರಿಗಿಂತ ಹೆಸರು ದಪ್ಪ ಇತ್ತು.

"ತಗೋ ತಂಗಿ," ಎಂದರು ವಿರೂಪಾಕ್ಷಪ್ಪನವರು. "ಮನ್ಯಾಗ ದೇವ್ರಿಲ್ಲದ್ದಕ್ಕ ಹಿಂಗಾಗೈತಿ. ಇದನ್ನ ಮೂಡಲ ಗ್ವಾಡಿಗೆ ಹಾಕು."

ಹೊನ್ನೂರಮ್ಮ ಸುತ್ತ ನೋಡಿದಳು. "ಗ್ವಾಡಿ ಎಲ್ಲಿ ಐತ್ರಿ ಯಪ್ಪಾ?"

"ಮೂಡಲ ಗ್ವಾಡಿ ಇಲ್ಲಂದ್ರ ಪಡುವಲ ಗ್ವಾಡಿಗೂ ನಡೀತೈತಿ."

"ಯಾ ಗ್ವಾಡಿನೂ ಇಲ್ರಿ. ದೇವ್ರ ಜೊತಿಗೆ ಒಂದೊಂದು ಗ್ವಾಡಿ ಕೊಡ್ತೀರೇನು?"

ವಿರೂಪಾಕ್ಷಪ್ಪನವರು ಯೋಚನೆಗೆ ಬಿದ್ದರು. "ಗ್ವಾಡಿ ನಮ್ಮ ಮಂಡಳಿಯಾಗ ಬರಂಗಿಲ್ಲ," ಅಂದರು. "ಬೇಕಾದ್ರ ಇನ್ನೆರಡು ದೇವ್ರು ತಗೋ."

ಮನೆಗೆ ಮೂರು ನಾಲ್ಕರಂತೆ ದೇವರು ಬಂದವು. ಉಳಿದ ಕಟ್ಟನ್ನೂ, ವಾಪಸ್ಸು ಒಯ್ಯಲು ಎತ್ತಿಗೆ ಭಾರವೆಂದು, ಅಲ್ಲೇ ಇಳಿಸಿ ತಾಳ ಕುಟ್ಟಿಕೊಂಡು ಹೋದರು.

ಆಮೇಲೆ ಮಿಷನ್ನಿನ ಜೀಪು. ಬಿಳಿ ಸೀರೆಯ ಸಿಸ್ಟರಮ್ಮ ಇಳಿದರು. ಪರದೇಶದಿಂದ ಬಂದ ದೊಡ್ಡ ದೊಡ್ಡ ಗಂಟುಗಳು. ಪುಸ್ತಕದಲ್ಲಿ ಕಲಿತ ಕನ್ನಡದಲ್ಲಿ, "ದಯವಿಟ್ಟು ಎಲ್ಲರೂ ಸಾಲಾಗಿ ನಿಲ್ಲಬೇಕು. ಉಣ್ಣೆಯ ಉಡುಪು ದೊರೆಯುತ್ತದೆ" ಎಂದರು.

ಅದು ಬೇಸಿಗೆ. ಹಂಪಿಯ ಬಂಡೆಗಳಿಂದ ಬೀಸಿ ಬರುವ ಗಾಳಿ ಒಲೆಯ ಬಾಯಿಂದ ಬಂದ ಹಾಗೆ ಇರುತ್ತದೆ. ಗಂಟಿನಿಂದ ಸ್ವೆಟರು ಬಂದವು, ಕಿವಿ ಮುಚ್ಚುವ ಟೊಪ್ಪಿಗೆ ಬಂದವು, ಕೈಗವಸು ಬಂದವು. ಎರ್ರೆಮ್ಮ ಕೈಗವಸಿನಲ್ಲಿ ಐದು ಬೆರಳು ಕಂಡು, "ಇದ್ಯಾವ ಆಕಳ ಕೆಚ್ಚಲ?" ಅಂದಳು. ಪಕ್ಕದ ಮನೆಯ ತಾಯಪ್ಪ ಯಶವಂತನಗರಕ್ಕೆ ಹೋಗಿ ಲಾರಿಗೆ ಅದಿರು ತುಂಬುವವನು. ಅವನಿಗೆ ಮೊಳಕಾಲು ದಾಟಿ ಪಾದ ಮುಟ್ಟುವ ಕರಿ ಕೋಟು ಸಿಕ್ಕಿತು. ಹಾಕಿಕೊಂಡು, ಎದೆ ಸೆಟೆಸಿ, ಬೂದಿಯಲ್ಲಿ ಆಚೆ ಈಚೆ ನಡೆದ.

"ತಾಯಪ್ಪಣ್ಣ, ಬೇಯ್ತೀಯಲ್ಲೋ," ಎಂದಳು ಹೊನ್ನೂರಮ್ಮ.

"ಬೆಂದ್ರ ಬೇಯ್ಲಿ ಬಿಡವ್ವ. ನಮ್ಮ ಮೇಸ್ತ್ರಿ ನೋಡಿದ್ರ ಸಾಹೇಬ ಬಂದ ಅಂತ ಎದ್ದು ನಿಂತಾನು."

ಸಿಸ್ಟರಮ್ಮ ಹೊನ್ನೂರಮ್ಮನ ಹತ್ತಿರ ಬಂದು ದನಿ ಇಳಿಸಿದರು. "ನಾವು ಚಾಪೆ, ಪಾತ್ರೆ ಕೇಳಿ ಬರೆದಿದ್ದೆವು ಅಮ್ಮ. ಅವರು ಇದನ್ನು ಕಳಿಸಿದರು. ಹೋದ ವರ್ಷ ನೆರೆ ಬಂದಾಗಲೂ ಇದನ್ನೇ ಕಳಿಸಿದ್ದರು." ಆಕೆಯ ಮುಖ ನೋಡಿ ಹೊನ್ನೂರಮ್ಮನಿಗೆ ಪಾಪ ಅನ್ನಿಸಿತು. "ಇರ್ಲಿ ಬಿಡ್ರಿ ಯವ್ವ. ಚಳಿಗಾಲ ಬಂದಾಗ ನಿಮ್ಮ ಹೆಸರು ಹೇಳ್ತೀವಿ" ಎಂದು ತಾನೇ ಸಮಾಧಾನ ಮಾಡಿ ಕಳಿಸಿದಳು.

ಬಿಸಿಲು ನೆತ್ತಿಗೆ ಬರುತ್ತಿದ್ದಾಗ ಸಾವ್ಕಾರರು ಬಂದರು. ಎರಡು ಟ್ರ್ಯಾಕ್ಟರು ತಂದಿದ್ದರು. ಮುಂದಿನದರಲ್ಲಿ ಗುಡ್ಡದ ಮಠದ ದೊಡ್ಡ ಕೊಪ್ಪರಿಗೆ. ಅದರ ಪಕ್ಕದಲ್ಲಿ ಸೌಟನ್ನು ಗದೆಯ ಹಾಗೆ ಹೆಗಲಿಗೇರಿಸಿಕೊಂಡ ಚನ್ನಯ್ಯನವರು. ಮಠದ ದಾಸೋಹ ನಡೆಸುವವರು ಅವರು. ಒಣ ಮೈ, ಗಂಟಲು ಮಾತ್ರ ದಪ್ಪ. ಹಿಂದಿನ ಟ್ರ್ಯಾಕ್ಟರಿನಲ್ಲಿ ಏನಿತ್ತೋ, ತಾಡಪಾಲು ಹೊದಿಸಿದ್ದರು.

ಸಾವ್ಕಾರರು ಇಳಿದು ಕೈ ಮುಗಿದರು. ಹಣೆಯ ಮೇಲೂ ಬೂದಿ, ಕಾಲ ಕೆಳಗೂ ಬೂದಿ. "ಶಿವನ ಇಚ್ಛಾ," ಎಂದು ಟವೆಲಿನಿಂದ ಕಣ್ಣೊತ್ತಿದರು. "ನಾನೇನು ಸತ್ತೀನೇನು? ಮಠದ ದಾಸೋಹ ಸಮಿತಿ ಅಧ್ಯಕ್ಷ ಅದೀನಿ. ಕಂಪ್ಲಿ ರಸ್ತಿಗೆ ಮಠದ ಛತ್ರ ಖಾಲಿ ಬಿದ್ದೈತಿ. ಎಲ್ಲಾರೂ ಟ್ರ್ಯಾಕ್ಟರ್ ಹತ್ರಿ. ಅಲ್ಲೇ ಉಣ್ರಿ, ಅಲ್ಲೇ ಮಲಗ್ರಿ. ಮಳಿಗಾಲ ಮುಗಿಯಾತನ ನಿಮ್ಮನ್ನ ಯಾರೂ ಕೇಳಂಗಿಲ್ಲ."

ತಾಯಪ್ಪ ಕೋಟಿನ ಗುಂಡಿ ಬಿಚ್ಚುತ್ತ, "ಫ್ಯಾನ್ ಐತೇನ್ರಿ ಅಲ್ಲಿ?" ಅಂದ.

"ಗಾಳಿ ಐತಿ. ಫ್ಯಾನ್ ಯಾಕ?"

ಮಂದಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ಏಳಲು ಶುರು ಮಾಡಿದರು. ಹೊನ್ನೂರಮ್ಮ ಹಿಂದಿನ ಟ್ರ್ಯಾಕ್ಟರಿನ ಹತ್ತಿರ ಹೋಗಿ ತಾಡಪಾಲಿನ ತುದಿ ಎತ್ತಿದಳು. ಒಳಗೆ ಕಲ್ಲುಕಂಬಗಳು ಮತ್ತು ತಂತಿಯ ಸುರುಳಿ.

"ಇವು ಯಾಕ್ರಿ ಸಾವ್ಕಾರ್ರೆ?"

"ನೀವು ಇಲ್ಲದಾಗ ನಿಮ್ಮ ಜಾಗಕ್ಕ ದನ ನುಗ್ಗಬಾರದು ಅಂತ ಬೇಲಿ."

"ದನ ನುಗ್ಗಿ ಏನು ಮೇಯ್ತಾವ್ರಿ? ಬೂದಿ?"

"ನಿನಗ ತಿಳಿಯಂಗಿಲ್ಲ ಸುಮ್ಕಿರು."

"ಆತ್ರಿ. ನಾವು ವಾಪಸ್ ಬಂದಾಗ ಬೇಲಿ ಬಾಗಲ ಯಾ ಕಡಿಗೆ ಇರ್ತೈತ್ರಿ?"

ಸಾವ್ಕಾರರು ಗಿರಣಿಯ ಕಡೆ ನೋಡಿದರು. "ಬಾಗಲ ನೋಡಾಣಂತ."

ಹೊನ್ನೂರಮ್ಮನಿಗೆ ಅಷ್ಟು ಸಾಕಾಯಿತು. ಗಿರಣಿಯ ಅಂಗಳದಲ್ಲಿ ಕುದಿಸಿದ ಭತ್ತವನ್ನು ಕಾಲಿನಿಂದ ಹರವುವವಳು ಅವಳು. ಹಿಂದಿನ ಗುಡಿಸಲು ಇಲ್ಲದಿದ್ದರೆ ಇನ್ನೊಂದು ಅಂಗಳ ಆಗುತ್ತಿತ್ತು ಎಂದು ಸಾವ್ಕಾರರು ಮುನೀಮರ ಹತ್ತಿರ ಅನ್ನುತ್ತಿದ್ದದ್ದು ಅವಳ ಕಿವಿಗೆ ಎಷ್ಟೋ ಸಲ ಬಿದ್ದಿತ್ತು. ಒಮ್ಮೆ ಟ್ರ್ಯಾಕ್ಟರ್ ಹತ್ತಿದರೆ ಈ ಒರಳುಕಲ್ಲಿನ ಮೇಲೆ ಗಚ್ಚು ಬೀಳುತ್ತದೆ. ಆದರೆ ಗಂಡ ಅವರ ಹಮಾಲಿ, ತಾನು ಅವರ ಕೂಲಿ. ಏನಂತ ಬಾಯಿ ತೆಗೆಯುವುದು?

ಅವಳು ಬಾಯಿ ತೆಗೆಯುವ ಮೊದಲೇ ಕೊಪ್ಪರಿಗೆಯ ಮೇಲೆ ಸೌಟು ಬಡಿದ ಸದ್ದು ಬಂತು.

"ಯಾರೂ ಗಾಡಿ ಹತ್ತಂಗಿಲ್ಲ," ಎಂದರು ಚನ್ನಯ್ಯನವರು. "ಮೊದಲು ಪ್ರಸಾದ."

"ಛತ್ರದಾಗ ಬಡಸ್ರಿ ಅಯ್ಯನೋರೆ," ಅಂದರು ಸಾವ್ಕಾರರು.

"ಹಸದ ಮಂದೀನ ಎದುರಿಗೆ ಕುಂದ್ರಿಸಿಕೊಂಡು ಕೊಪ್ಪರಿಗಿ ಮುಚ್ಚಂಗಿಲ್ಲ ನಾನು. ನಿನ್ನೆಯಿಂದ ಉಂಡಿಲ್ಲ ಇವ್ರು. ಏ ತಂಗಿ, ಮಂದೀನ ಕುಂದ್ರಸು. ರಸ್ತಿ ಬಾಜೂಕ ನೆಟ್ಟಗ ಒಂದು ಸಾಲು."

ಹೊನ್ನೂರಮ್ಮನಿಗೆ ಒಂದು ಮಾತು ಹೊಳೆಯಿತು. ಅವಳು ಯೋಚಿಸಿ ಆಡಿದ ಮಾತೇನಲ್ಲ. "ಅಯ್ಯನೋರೆ, ಪ್ರಸಾದ ನಮ್ಮನಿ ತನಕ ಬಂದೈತಿ. ರಸ್ತ್ಯಾಗ ಯಾಕ ಉಣ್ಣೂದು? ಅವರವರ ಮನ್ಯಾಗ ಉಣ್ತೀವಿ."

"ಮನಿ ಎಲ್ಲೈತಿ?"

"ಒಲಿ ಗುಂಡು ಅದಾವಲ್ರಿ. ಅದರ ಮುಂದ."

ಮಂದಿ ಹೋಗಿ ಅವರವರ ಒಲೆಯ ಕಲ್ಲಿನ ಮುಂದೆ ಕೂತರು. ಚನ್ನಯ್ಯನವರಿಗೆ ಸಂಕಟವಾಯಿತು. "ಪಂಕ್ತಿ ಅಂದ್ರ ನೆಟ್ಟಗಿರಬೇಕು. ಇದೇನಿದು, ಹಾವು ಹರದಂಗ?"

"ಗುಡಿಸಲ ಸೊಟ್ಟ ಇದ್ದವ್ರಿ ಅಯ್ಯನೋರೆ," ಎಂದ ತಾಯಪ್ಪ, ಕೋಟು ಮಡಿಸಿ ಕುಂಡಿಯ ಕೆಳಗೆ ಹಾಕಿಕೊಳ್ಳುತ್ತ.

ಎಲೆ ಬಿದ್ದವು. ಗೋಧಿ ಹುಗ್ಗಿ ಬಂತು, ಬದನೆಕಾಯಿ ಪಲ್ಯ ಬಂತು, ಅನ್ನ ಸಾರು ಬಂತು. ಮಠದಲ್ಲಾದರೆ ಈ ಓಣಿಯವರ ಪಂಕ್ತಿ ಗೋಡೆಯಾಚೆ, ಚಪ್ಪಲಿ ಬಿಡುವ ಕಡೆ ಕೂರುತ್ತಿತ್ತು. ಅಲ್ಲಿಗೆ ಹುಗ್ಗಿ ಬರುವ ಹೊತ್ತಿಗೆ ಕೊಪ್ಪರಿಗೆಯ ತಳ ಕೆರೆಯುವ ಸದ್ದೂ ಜೊತೆಗೇ ಬರುತ್ತಿತ್ತು. ಇವತ್ತು ಕೊಪ್ಪರಿಗೆ ತುಂಬ ಇತ್ತು. ಮಂದಿ ಮಾತಿಲ್ಲದೆ ಉಂಡರು.

ಊಟಕ್ಕೆ ಕೂರದೆ ಉಳಿದವನು ಗಾಳೆಪ್ಪ. ಸಾವ್ಕಾರರು ಅವನನ್ನೂ ಗಿರಣಿಯ ಉಳಿದ ಹಮಾಲಿಗಳನ್ನೂ ಕಂಬ ಇಳಿಸಲು ಹಚ್ಚಿದ್ದರು. ತನ್ನ ಮನೆಯ ಬೂದಿಯ ಮೇಲೆ ತಾನೇ ಬೇಲಿ ಹಾಕಬೇಕಾದವನು ಕಲ್ಲುಕಂಬ ಹೊತ್ತು ತಂದು ತಂದು ಇಳಿಸುತ್ತಿದ್ದ. ಹೆಂಡತಿಯ ಕಡೆ ನೋಡಲಿಲ್ಲ.

ಎಲ್ಲರ ಊಟ ಮುಗಿಯುತ್ತ ಬಂತು. ಎರ್ರೆಮ್ಮನ ಊಟ ಆಗ ತಾನೇ ಶುರುವಾಗಿತ್ತು. ಅವಳ ಬಾಯಲ್ಲಿ ಹಲ್ಲೆಂಬುದು ಇರಲಿಲ್ಲ. ಒಂದು ಅಗುಳು ಬಾಯಿಗೆ ಹೋದರೆ ಅದು ಈ ದವಡೆಯಿಂದ ಆ ದವಡೆಗೆ ಹೋಗಿ, ಸ್ವಲ್ಪ ಹೊತ್ತು ತಂಗಿ, ವಾಪಸ್ಸು ಬರುತ್ತಿತ್ತು.

ತಾಯಪ್ಪ ಕೈ ತೊಳೆಯಲು ಏಳಹೋದ.

"ಏ ಕುಂದ್ರು," ಎಂದು ಗುಡುಗಿದರು ಚನ್ನಯ್ಯನವರು. "ಪಂಕ್ತ್ಯಾಗ ಹಿರೇಜೀವ ಉಣ್ಣಾಕತ್ತೈತಿ. ಕಡೀ ಎಲಿ ಮುಗಿಯಾತನ ಒಬ್ರೂ ಏಳಂಗಿಲ್ಲ."

"ಕೈ ಒಣಗಾಕತ್ತೈತ್ರಿ."

"ನೆಕ್ಕು."

ಸಾವ್ಕಾರರು ಬಂದರು. "ಅಯ್ಯನೋರೆ, ಹೊತ್ತಾತು. ಮುದುಕಿ ಎಲಿ ಕಟ್ಟಿಕೊಡ್ರಿ, ಟ್ರ್ಯಾಕ್ಟರ್‌ನ್ಯಾಗ ಉಣ್ಲಿ. ಇವ್ರನ್ನ ಎಬ್ಬಿಸ್ರಿ."

ಚನ್ನಯ್ಯನವರು ಸೌಟನ್ನು ಕೆಳಗಿಟ್ಟರು. "ಎಬ್ಬಿಸೂದಾ? ಸಾವ್ಕಾರ್ರೆ, ದಾಸೋಹದ ಮನ್ಯಾಗ ಕಲ್ಲಿನ ಮ್ಯಾಲ ಏನು ಕೆತ್ತಿಸೀರಿ ನೀವು?"

ಅದು ಊರಿಗೆಲ್ಲ ಗೊತ್ತಿದ್ದ ಕತೆ. ಒಂದು ಸಲ ಮಠದ ಪಂಕ್ತಿಯಲ್ಲಿ ಸಾವ್ಕಾರರು ಹೋಳಿಗೆ ಬಾಯಿಗಿಡುವ ಹೊತ್ತಿಗೆ ಯಾರೋ ದೊಡ್ಡ ಅಧಿಕಾರಿ ಬಂದರೆಂದು ಅವರನ್ನು ಎಬ್ಬಿಸಿ ಜಾಗ ಕೊಟ್ಟಿದ್ದರು. ಅರ್ಧ ಹೋಳಿಗೆ ಎಲೆಯಲ್ಲೇ ಉಳಿಯಿತು. ಆ ಹೊಟ್ಟೆಯುರಿಗೆ ಸಾವ್ಕಾರರು ತಾವೇ ಖರ್ಚು ಹಾಕಿ ಕಲ್ಲು ಕೆತ್ತಿಸಿದ್ದರು: ಎಲೆಯ ಮುಂದೆ ಕೂತವರನ್ನು ಯಾರೂ, ಯಾವ ಕಾರಣಕ್ಕೂ ಎಬ್ಬಿಸಬಾರದು. ಭಕ್ತ ದೊಡ್ಡಬಸಪ್ಪನವರ ಸೇವೆ.

"ಅದು ಮಠದಾಗಿಂದು," ಎಂದರು ಸಾವ್ಕಾರರು ಮೆಲ್ಲಗೆ.

"ಕೊಪ್ಪರಿಗಿ ಎಲ್ಲೈತೋ ಮಠ ಅಲ್ಲೈತಿ."

ಅಷ್ಟರಲ್ಲಿ ಎರ್ರೆಮ್ಮ ಇನ್ನೊಂದು ಕೆಲಸ ಮಾಡಿದಳು. ಕೈ ಹುಗ್ಗಿಯಲ್ಲಿ ಇಟ್ಟುಕೊಂಡೇ ನಿದ್ದೆ ಹೋದಳು. ಗೊರಕೆಯೂ ಬಂತು.

"ಮಲಗಿದ್ಲಲ್ರಿ. ಮುಗೀತು," ಎಂದರು ಸಾವ್ಕಾರರು.

ಚನ್ನಯ್ಯನವರು ಬಾಗಿ ನೋಡಿದರು. ಜೀವಮಾನದಲ್ಲೇ ಇಂಥ ಸಂಕಟ ಅವರಿಗೆ ಬಂದಿರಲಿಲ್ಲ. "ಕೈ ಎಲಿಯಾಗ ಐತಿ," ಎಂದು ತೀರ್ಪು ಕೊಟ್ಟರು. "ಕೈ ಎಲಿಯಾಗ ಇದ್ರ ಊಟ ನಡದೈತಿ ಅಂತಾನ ಅರ್ಥ."

ಹೊನ್ನೂರಮ್ಮ ಅತ್ತೆಯ ಕೈ ನೋಡಿದಳು. ಓಣಿಯ ಅಂಚಿಗೆ ಬಿದ್ದ ಕಲ್ಲುಕಂಬ ನೋಡಿದಳು. ತನ್ನ ಎಲೆ ನೋಡಿಕೊಂಡಳು. ಎಲೆಯಲ್ಲಿ ಒಂದು ತುತ್ತು ಹುಗ್ಗಿ ಉಳಿದಿತ್ತು. ಬಾಯಿಗಿಡಲು ಹೋದ ಕೈ ನಿಂತಿತು.

"ತಾಯಪ್ಪಣ್ಣ," ಎಂದಳು ಪಿಸುದನಿಯಲ್ಲಿ. "ಎಲಿಯಾಗ ಒಂದು ತುತ್ತು ಬಿಡು."

"ನಾನು ಎಲಿ ಸುದ್ದಾ ನೆಕ್ಕೀನಲ್ಲವ್ವ."

"ಹಂಗಾರ ಇನ್ನೊಮ್ಮೆ ಹಾಕಿಸ್ಕೋ. ಹಾಕಿಸ್ಕಂಡು ಬಿಡು. ಆಚಿ ಮನಿಗೂ ಹೇಳು."

ತಾಯಪ್ಪನಿಗೆ ತಿಳಿಯಲು ಸ್ವಲ್ಪ ಹೊತ್ತಾಯಿತು. ತಿಳಿದ ಮೇಲೆ ಅವನ ಮೀಸೆ ಅಲುಗಿತು. "ಅಯ್ಯನೋರೆ, ಇತ್ತ ಒಂದೀಟು ಹುಗ್ಗಿ," ಎಂದು ಕೂಗಿದ. ಮಾತು ಒಲೆಯಿಂದ ಒಲೆಗೆ ದಾಟಿ ಹೋಯಿತು. ಎಲ್ಲ ಎಲೆಗಳ ಮೇಲೂ ಒಂದೊಂದು ತುತ್ತು ಕೂತಿತು. ಎಲ್ಲರೂ ಅದನ್ನು ಬೆರಳಿನಿಂದ ಆಚೆ ಒಮ್ಮೆ ಈಚೆ ಒಮ್ಮೆ ದೂಡುತ್ತ ಕೂತರು. ಮಕ್ಕಳಿಗೆ ಇಂಥ ಆಟ ಎಂದೂ ಸಿಕ್ಕಿರಲಿಲ್ಲ.

ಸಾವ್ಕಾರರಿಗೆ ಹಸಿವಾಯಿತು. ಅವರ ಊಟ ಮನೆಯಲ್ಲಿತ್ತು, ಊಟದ ಹಿಂದೆ ನಿದ್ದೆಯೂ ಇತ್ತು. "ನಾನು ಉಂಡು ಬರಾದ್ರಾಗ ಇದು ಮುಗಿದಿರ್ಬೇಕು," ಎಂದು ಟ್ರ್ಯಾಕ್ಟರಿನ ಡ್ರೈವರ್ ಗವಿಸಿದ್ದಪ್ಪನಿಗೆ ಹೇಳಿದರು. "ಮಂದಿಗೆ ಏನೇನು ಬೇಕೋ ಎಲ್ಲಾ ತುಂಬಿಕೊಂಡು ತಯಾರಿರು."

"ಆತ್ರಿ."

"ಗಾಳ್ಯಾ, ನೀನು ಜಾಗದ ಸುತ್ತ ಕಂಬ ನೆಡು."

ಗಾಳೆಪ್ಪ ತಲೆ ಕೆರೆದುಕೊಂಡ. "ಯಾರ ಜಾಗದ ಸುತ್ತ್ರಿ?"

ಸಾವ್ಕಾರರ ಹೊಟ್ಟೆ ಗುರುಗುಟ್ಟಿತು. "ಎಲ್ಲಾರ ಜಾಗದ ಸುತ್ತಲೋ. ಒಂದು ಮಾತು ಹೇಳಿದ್ರ ನೂರು ಕೇಳ್ತೀಯಲ್ಲ."

"ಎಲ್ಲಾರ ಜಾಗದ ಸುತ್ತ," ಎಂದು ಗಾಳೆಪ್ಪ ಇನ್ನೊಮ್ಮೆ ಅಂದುಕೊಂಡ. ಸಾವ್ಕಾರರು ಹೋದರು.

ಗಾಳೆಪ್ಪ ಮೊದಲ ಕಂಬ ಹೊತ್ತು ತನ್ನ ಒರಳುಕಲ್ಲಿನ ಹತ್ತಿರ ಬಂದ. ಅವ್ವನ ಬೆನ್ನ ಹಿಂದೆ ಒಂದು ಗುಂಡಿ ತೋಡಿ ನೆಟ್ಟ. ಹೆಂಡತಿಯ ಬಲಕ್ಕೆ ಒಂದು, ಎಡಕ್ಕೆ ಒಂದು. ಎದುರಿಗೆ ಇನ್ನೊಂದು ನೆಟ್ಟು, ಅಲ್ಲಾಡಿಸಿ ನೋಡಿದ.

"ಏನು ಮಾಡಾಕತ್ತೀ?" ಎಂದಳು ಹೊನ್ನೂರಮ್ಮ.

"ಎಲ್ಲಾರ ಜಾಗದ ಸುತ್ತ ನೆಡು ಅಂದಾರ. ಇದು ನಮ್ದಾತು. ಇನ್ನ ತಾಯಪ್ಪಂದು."

ಅವಳು ಗಂಡನ ಮುಖವನ್ನು ಹುಡುಕಿ ನೋಡಿದಳು. ಅದರಲ್ಲಿ ನಗು ಇದೆಯೋ ಇಲ್ಲವೋ ಇಷ್ಟು ವರ್ಷ ಬಾಳುವೆ ಮಾಡಿದವಳಿಗೂ ತಿಳಿಯಲಿಲ್ಲ. ಆದರೆ ಉಳಿದ ಹಮಾಲಿಗಳಿಗೆ ತಿಳಿಯಿತು. ಕೆಲಸ ಎಂದೂ ಇಲ್ಲದ ಚುರುಕಿನಿಂದ ನಡೆಯಿತು. ಒಂದೊಂದು ಒಲೆಗೂ ನಾಲ್ಕು ಮೂಲೆಗೆ ಕಂಬ ಎದ್ದವು. ಬೇಲಿಗೆಂದು ಬಂದ ತಂತಿ ಕಂಬದ ತಲೆಯಿಂದ ತಲೆಗೆ ಹೋಗಿ ಸೂರಿನ ಹಂದರವಾಯಿತು.

ಗವಿಸಿದ್ದಪ್ಪ ಬೀಡಿ ಎಸೆದು ಎದ್ದ. "ಮಂದಿಗೆ ಏನು ಬೇಕೋ ತುಂಬಿಕೊಂಡು ತಯಾರಿರು ಅಂದಾರ ನನಗ. ಏನು ಬೇಕು ಹೇಳ್ರಿ."

"ಸೋಗಿ," ಎಂದರು ಕೂತವರೆಲ್ಲ ಒಂದೇ ಬಾಯಲ್ಲಿ.

ಕಾಲುವೆಯಾಚೆ ಕಡಿದ ಕಬ್ಬಿನ ಗದ್ದೆಗಳಲ್ಲಿ ಸೋಗೆ ರಾಶಿ ಬಿದ್ದಿತ್ತು. ಹೊತ್ತು ಇಳಿಯುವ ಹೊತ್ತಿಗೆ ಟ್ರ್ಯಾಕ್ಟರು ತುಂಬಿ ತುಂಬಿ ಬಂತು. ಏಳುವಂತಿಲ್ಲದ್ದರಿಂದ ಮಂದಿ ಕೂತಲ್ಲಿಂದಲೇ ಎಡಗೈಯಲ್ಲಿ ಸೋಗೆ ಕಟ್ಟಿ, ಮೇಲೆ ಹೊದಿಸುವ ಹಮಾಲಿಗಳಿಗೆ ಕೊಟ್ಟರು. ಬಲಗೈ ಎಲೆಯ ಮೇಲೇ ಇತ್ತು. ಗಂಟು ಹಾಕಲು ಹುರಿ ಸಾಲದಾದಾಗ ಸ್ವೆಟರು ಬಿಚ್ಚಿದರು. ಒಂದು ಸ್ವೆಟರಿನಲ್ಲಿ ಒಂದು ಓಣಿಗೆ ಸಾಲುವಷ್ಟು ದಾರ ಇರುತ್ತದೆ ಎಂದು ಪರದೇಶದವರಿಗೂ ಗೊತ್ತಿರಲಿಕ್ಕಿಲ್ಲ. ತಾಯಪ್ಪನ ಕೋಟು ಅವನ ಮನೆಯ ಬಾಗಿಲಾಯಿತು. ತೋಳು ಎರಡೂ ಆಚೆ ಈಚೆ ಚಾಚಿ, ಒಳಗೆ ಬನ್ನಿ ಅಂದ ಹಾಗೆ ಕಾಣುತ್ತಿತ್ತು.

"ಗ್ವಾಡಿ?" ಎಂದ ಗಾಳೆಪ್ಪ.

ಹೊನ್ನೂರಮ್ಮ ತಗಡಿನ ಕಟ್ಟಿನ ಕಡೆ ಕೈ ತೋರಿಸಿದಳು. "ದೇವ್ರು ಅದಾವಲ್ಲ."

ವಿರೂಪಾಕ್ಷಪ್ಪನವರು ಬಿಟ್ಟು ಹೋದ ದೇವರುಗಳು ಕಂಬದಿಂದ ಕಂಬಕ್ಕೆ ಸಾಲಾಗಿ ನಿಂತವು. ಮೂಡಲ ಗೋಡೆಗೆ ದೇವರು ಬೇಕು ಅಂದಿದ್ದರು. ಈಗ ಮೂಡಲ ಗೋಡೆಯೇ ದೇವರು, ಪಡುವಲದ್ದೂ ದೇವರು. ಎಲ್ಲ ದೇವರ ಮುಖ ಹೊರಗೆ, ಗಿರಣಿಯ ಕಡೆಗೆ. ಚನ್ನಯ್ಯನವರು ಸೌಟು ಹಿಡಿದು ಓಣಿಯ ಉದ್ದಕ್ಕೆ ನಡೆದರು. ಗುಡಿಸಲು ಏಳುವುದನ್ನು ಅವರು ನೋಡಲೇ ಇಲ್ಲ. ಅವರ ಕಣ್ಣೆಲ್ಲ ಎಲೆಯ ಮೇಲೆ. "ಯಾರಿಗೆ ಹುಗ್ಗಿ ಬೇಕ್ರಿ, ಸಾವಕಾಶ ಉಣ್ರಿ, ಸಾವಕಾಶ" ಅಂತಿದ್ದರು.

ಹೊತ್ತು ಮುಳುಗುವ ಮುಂಚೆ ಸಾವ್ಕಾರರು ನಿದ್ದೆ ತಿಳಿದೆದ್ದು ಬಂದರು. ಬಂದವರು ದಾರಿ ತಪ್ಪಿತೇನೋ ಎಂದು ಒಮ್ಮೆ ಹಿಂದೆ ನೋಡಿದರು. ಗಿರಣಿ ಅಲ್ಲೇ ಇತ್ತು. ಬೂದಿ ಇದ್ದ ಕಡೆ ಮೊದಲಿಗಿಂತ ಗಟ್ಟಿಯಾದ ಓಣಿ ನಿಂತಿತ್ತು. ಅವರದೇ ಕಂಬ, ಅವರದೇ ತಂತಿ.

"ಗಾಳ್ಯಾ," ಎಂದರು.

"ನೆಟ್ಟೀನ್ರಿ. ಎಲ್ಲಾರ ಜಾಗದ ಸುತ್ತ."

"ಕೆಡವು ಅದನ್ನ."

ಗಾಳೆಪ್ಪ ಗೋಡೆಯ ಹತ್ತಿರ ಹೋದ. ಚಪ್ಪಲಿ ಬಿಟ್ಟ. ಕೈ ಮುಗಿದ. ವಾಪಸ್ಸು ಬಂದ. "ದೇವ್ರಿಗೆ ಕಾಲು ಹಚ್ಚಾಕ ನನ್ನ ಕೈಲೆ ಆಗಂಗಿಲ್ರಿ. ನೀವು ಹಚ್ತೀರೇನು?"

ಸಾವ್ಕಾರರ ಕಾಲು ಎತ್ತಿದ್ದು ಇಳಿಯಿತು. "ಪೊಲೀಸ್ರನ್ನ ಕರಸ್ತೀನಿ. ನಾನು ಉಣ್ಣಾಕ ಹಾಕಿದೆ. ಛತ್ರ ಕೊಟ್ಟೆ. ಉಪಕಾರ ಮಾಡಿದವ್ನಿಗೆ ಹಿಂಗ ಮಾಡ್ತೀರೇನು?"

ಹೊನ್ನೂರಮ್ಮನ ಮುಂದೆ ಎಲೆ ಇತ್ತು. ಎಲೆಯ ಮುಂದೆ ಕೂತವಳನ್ನು ಎಬ್ಬಿಸುವಂತಿಲ್ಲ. ಜೀವಮಾನದಲ್ಲೇ ಮೊದಲ ಸಲ ಅವಳು ಸಾವ್ಕಾರರ ಮುಂದೆ ಕೂತೇ ಮಾತಾಡಿದಳು.

"ಸಾವ್ಕಾರ್ರೆ, ಹುಗ್ಗಿ ಮಠದ್ದು. ಭತ್ತ ತುಳದು ತುಳದು ನಿಮಗ ಅಂಗಳ ತುಂಬಿಸಿಕೊಟ್ಟಿದ್ದು ನನ್ನ ಕಾಲು. ಕಾಲವಿ ಮಣ್ಣು ಹೊತ್ತಿದ್ದು ನಮ್ಮತ್ತಿ ತಲಿ. ಬೆಂಕಿ ಶಿವಂದಲ್ಲ. ಅದು ನಿಮ್ದು."

"ಏನಂದಿ?"

"ಬೂದಿ ಎಲ್ಲಿ ಚೆಲ್ಲಿಸಿದ್ರಿ?"

ಬೆಳಗಿನಿಂದ ದೇವರ ಇಚ್ಛೆ, ಮನೆಯಲ್ಲಿ ದೇವರಿಲ್ಲದ್ದಕ್ಕೆ ಎಂದೆಲ್ಲ ಕೇಳಿದವರೇ ಎಲ್ಲ. ಯಾರೂ ಆ ಮಾತು ಬಾಯಿ ಬಿಟ್ಟು ಅಂದಿರಲಿಲ್ಲ.

"ನಮ್ಮನಿ ಬೆನ್ನಿಗೆ," ಅಂದ ತಾಯಪ್ಪ ಕೋಟಿನ ಹಿಂದಿನಿಂದ.

"ನಮ್ಮನಿ ಬೆನ್ನಿಗೂ," ಎಂದು ಆಚೆ ಮನೆಯ ಹೆಂಗಸಿನ ದನಿ ಬಂತು. ಅದರ ಹಿಂದೆ ಇನ್ನೊಂದು. ಮಾತು ಹುಗ್ಗಿಯ ಹಾಗೆ ಒಲೆಯಿಂದ ಒಲೆಗೆ ಹೋಯಿತು. ಕಟ್ಟಕಡೆಗೆ ಗಾಳೆಪ್ಪ. ಅವನು ನೆಲ ನೋಡುತ್ತಲೇ ಅಂದ, "ಕೆಂಡ ಇರ್ತಾವ ಅಂದಿದ್ದೆ ನಾನು. ನಿನಗ ಹೇಳಿದ್ದೇನು ಅಂದ್ರಿ ನೀವು."

ಸಾವ್ಕಾರರು ಟವೆಲಿನಿಂದ ಮುಖ ಒರೆಸಿಕೊಂಡರು. ಈ ಸಲ ನಿಜವಾಗಿ ಬೆವತಿದ್ದರು. ಚನ್ನಯ್ಯನವರ ಕಡೆ ತಿರುಗಿ, "ಅಯ್ಯನೋರೆ, ನೀವರ ಹೇಳ್ರಿ. ಮುಗಸ್ರಿ ಈ ಪಂಕ್ತೀನ. ಹೊತ್ತು ಮುಳುಗಿತು. ಇವ್ರು ಎದ್ದ ಮ್ಯಾಲ ನಾನು ನೋಡ್ಕಂತೀನಿ" ಅಂದರು.

ಚನ್ನಯ್ಯನವರು ಗೋಡೆಗಳ ಹೊರಗೆ ನಿಂತ ದೇವರನ್ನು ಈಗ ಮೊದಲ ಸಲ ನೋಡಿದರು. ಗಿರಣಿಯ ಬೆನ್ನಿಗೆ ರಾಶಿ ಬಿದ್ದ ಕರಿ ಬೂದಿ ನೋಡಿದರು. ತಮ್ಮ ಹಣೆಯ ವಿಭೂತಿ ಮುಟ್ಟಿಕೊಂಡರು. ಆಮೇಲೆ ಕೊಪ್ಪರಿಗೆಯೊಳಗೆ ಇಣುಕಿದರು. ತಳದಲ್ಲಿ ಒಂದಿಷ್ಟು ಹುಗ್ಗಿ ಉಳಿದಿತ್ತು.

"ಬಡಿಸಿದವ ಇನ್ನೂ ಉಂಡಿಲ್ಲ," ಎಂದರು.

ಒಂದು ಎಲೆ ತೆಗೆದುಕೊಂಡರು. ಮಠದ ಅಯ್ಯನವರು ಈ ಓಣಿಯಲ್ಲಿ ನೀರು ಸಹ ಮುಟ್ಟಿದವರಲ್ಲ. ಎಲೆ ಹಿಡಿದು ಎಲ್ಲಿ ಕೂರುವುದೆಂದು ಒಂದು ಗಳಿಗೆ ನಿಂತರು. ಹೊನ್ನೂರಮ್ಮ ಅತ್ತೆಯನ್ನು ಮೊಳಕೈಯಿಂದ ಸರಿಸಿ ಒರಳುಕಲ್ಲಿನ ಪಕ್ಕದಲ್ಲಿ ಜಾಗ ಮಾಡಿದಳು.

"ಯಾರದು?" ಎಂದು ಎರ್ರೆಮ್ಮ ಎಚ್ಚೆತ್ತು ಕೇಳಿದಳು.

"ಅಯ್ಯನೋರು ಅತ್ತಿ. ನಮ್ಮನಿಗೆ ಉಣ್ಣಾಕ ಬಂದಾರ."

"ಕುಂದ್ರಲಿ. ನಶ್ಯ ಬೇಕೇನು ಕೇಳು."

ಚನ್ನಯ್ಯನವರು ಕೂತರು. ಎಲೆ ಹಾಸಿದರು. ತಾವೇ ಬಡಿಸಿಕೊಂಡರು. ಸಾವ್ಕಾರರು ನಿಂತು ನೋಡುತ್ತಿದ್ದರು. ಓಣಿಯ ಮಂದಿಯೆಲ್ಲ ಒಂದೊಂದು ತುತ್ತಿನ ಮೇಲೆ ಕೈ ಇಟ್ಟುಕೊಂಡು ನೋಡುತ್ತಿದ್ದರು.

ಅಯ್ಯನವರು ತುತ್ತು ಎತ್ತಿದರು. ಬಾಯಿಯ ಹತ್ತಿರ ಒಯ್ದರು. ಮತ್ತೆ ಎಲೆಯ ಮೇಲೆ ಇಟ್ಟರು.

"ಭಾಳ ಬಿಸಿ ಐತಿ," ಎಂದರು. "ಆರಲಿ."

ಹುಗ್ಗಿ ಬೆಳಿಗ್ಗೆ ಮಾಡಿದ್ದು.